ಕಂಬ ಮುಟ್ಟಿದ ಮೇಲೆ ತಿರುಗು

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆಯ ಆಪರೇಶನ್ ಆಗಲಿ ಎಂದೆ. ಆಯಿತು. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಅವಳ ಪರೀಕ್ಷೆಗೂ ನನ್ನ ಬರವಣಿಗೆಗೂ ಏನು ಸಂಬಂಧವೋ ದೇವರೇ ಬಲ್ಲ. ಪೆನ್ನು ಹಿಡಿದು ಕೂತಾಗಲೆಲ್ಲ ಎದ್ದು ಹೋಗಿ ದಾಸವಾಳಕ್ಕೆ ನೀರು ಹಾಕಿದೆ. ಹಾಕಿ ಹಾಕಿ ಅದರ ಬೇರು ಕೊಳೆಯಿತು. ಮನಸ್ಸು ಒಂದೇ ವಿಚಾರಕ್ಕೆ ಗಂಟು ಬಿದ್ದಾಗ ಕೂತಲ್ಲಿಂದ ಏಳು, ಕೈಗೊಂದು ಕೆಲಸ ಕೊಡು ಎಂದು ನನಗೆ ಕಲಿಸಿದವರು ಒಬ್ಬ ಪಿ.ಟಿ. ಮಾಸ್ತರರು. ಅವರ ಬಗ್ಗೆ ಬರೆಯಲು ಕೂತು, ಅವರ ಉಪಾಯದಿಂದಲೇ ತಪ್ಪಿಸಿಕೊಳ್ಳುತ್ತಿದ್ದೇನೆಂದು ಅರಿವಾದ ದಿನ ನನಗೆ ನನ್ನ ಮೇಲೆ ಹೇಸಿಗೆ ಬಂತು.

ಅವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಶಾಲೆಯಲ್ಲಿ ಶೋಕಸಭೆ ಇಟ್ಟಿದ್ದರು. "ನೀವು ಅವರ ಜೋಡಿ ಭಾಳ ವರ್ಷ ಇದ್ದವರು. ಎರಡು ಮಾತು ಹೇಳ್ರಿ" ಎಂದು ಈಗಿನ ಹೆಡ್‌ಮಾಸ್ತರರು ಮೈಕು ಕೈಗಿತ್ತರು. ನಾನು ಅವರ ಬಿಳಿ ಕ್ಯಾನ್ವಾಸ್ ಬೂಟಿನ ಕತೆ ಹೇಳಿದೆ: ಮಗಳ ಮದುವೆಯಲ್ಲಿ ರೇಷ್ಮೆ ಧೋತರದ ಕೆಳಗೂ ಅದನ್ನೇ ಹಾಕಿಕೊಂಡು ನಿಂತದ್ದು, ಬೀಗರು ಮುಖ ಮುಖ ನೋಡಿಕೊಂಡದ್ದು. ಜನ ನಕ್ಕರು, ಒಂದಿಬ್ಬರು ಕಣ್ಣೊರೆಸಿಕೊಂಡರು. ನಾನು ಬಂದು ಕೂತೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು.

ಅವರ ಹೆಸರು ನಾನು ಬರೆಯುವುದಿಲ್ಲ. ತಮ್ಮ ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಹುಡುಗರು ಕಪ್ಪು ಗೆದ್ದು ಬಂದಾಗ ತೆಗೆದ ಫೋಟೋಗಳಲ್ಲಿ ಹುಡುಕಿದರೆ ಹಿಂದಿನ ಸಾಲಿನಲ್ಲಿ ಅವರ ಅರ್ಧ ಕಿವಿ ಸಿಗುತ್ತದೆ.

ನಾನು ಅದೇ ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಅಲ್ಲಿಗೇ ನಿಲ್ಲಿಸಿದವನು. ಪ್ರಯೋಗಾಲಯದ ಕಿಟಕಿಯಿಂದ ಮೈದಾನ ಪೂರ್ತಿ ಕಾಣುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅವರು ಬಂದು, ಒಡೆದ ತೆಂಗಿನ ಚಿಪ್ಪಿನಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಸೊಂಟ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಖೋ-ಖೋ ಅಂಗಳದ ಗೆರೆ ಎಳೆಯುತ್ತಿದ್ದರು. ದಪ್ಪ ಮೀನಖಂಡ, ಒರಟು ಗಂಟಲು, ಕಿವಿಯ ಮೇಲೆ ಕೂದಲು. ಗೆರೆ ಮಾತ್ರ ದಾರ ಹಿಡಿದ ಹಾಗೆ ನೇರ.

"ಹುಡುಗರ ಕೈಲೆ ಹಾಕಸ್ರಿ ಸರ, ಸೊಂಟ ಹಿಡದೀತು" ಎಂದು ಒಮ್ಮೆ ಅಂದೆ.

"ಇದು ಅವರ ಸಲುವಾಗಿ ಅಲ್ಲೋ ತಮ್ಮಾ, ನನ್ನ ಸಲುವಾಗಿ" ಎಂದರು. "ಗೆರಿ ಹಾಕೂಮುಂದ ತಲಿ ಸುಮ್ಮನಿರತೈತಿ. ಗೆರಿ ಸೊಟ್ಟ ಆತು ಅಂದ್ರ, ತಲಿ ಮತ್ತ ತಿರಗಣಿ ಶುರು ಮಾಡೇತಿ ಅಂತ ಗೊತ್ತಾಗತೈತಿ."

ಅದರ ಹಿಂದಿನ ಕತೆಯನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜ್ವರ ಬಂದಿದ್ದ ಹುಡುಗನೊಬ್ಬನನ್ನು ಹುರಿದುಂಬಿಸಿ ಜಿಲ್ಲಾ ಪಂದ್ಯಕ್ಕೆ ಇಳಿಸಿದ್ದರಂತೆ. ಹುಡುಗ ಆಟದ ನಡುವೆ ಕುಸಿದು ಬಿದ್ದು ಆಸ್ಪತ್ರೆ ಸೇರಿದ. ಬದುಕಿದ, ಗಟ್ಟಿಯಾದ, ಮತ್ತೆ ಆಡಿದ. "ಅಂವ ಎದ್ದು ಓಡ್ಯಾಡಾಕತ್ತಾನ, ನಾ ಮಾತ್ರ ಅಲ್ಲೇ ಬಿದ್ದೇನಿ!" ಎಂದು ತಮ್ಮನ್ನೇ ಆಡಿಕೊಳ್ಳುತ್ತಿದ್ದರು. ಕಡೆಗೆ ಅವನ ಮನೆಗೆ ಹೋಗಿ, ಅವನ ತಾಯಿಯ ಮುಂದೆ ತಪ್ಪಾಯಿತೆಂದು ಕೈಮುಗಿದು ಬಂದರು. ಆಮೇಲೆಯೂ ಮನಸ್ಸು ಹಳೆಯ ಚಾಳಿ ಬಿಡದಿದ್ದಾಗ ಸುಣ್ಣದ ಚಿಪ್ಪು ಹಿಡಿದರು. ಈ ಅನುಕ್ರಮವನ್ನು ಓದುವವರು ಗಮನಿಸಬೇಕು. ನಾನು ಅದನ್ನು ಬೇಕೆಂದೇ ಗಮನಿಸಲಿಲ್ಲ.

ಊರ ಮಂದಿಯ ತಲೆನೋವಿಗೆಲ್ಲ ಅವರಲ್ಲಿ ಆಟದಂಗಳದ ಔಷಧಿ ಇತ್ತು. ಶಾಲೆಯ ಎದುರಿಗೆ ಸ್ಕೂಟರಿನ ಸೀಟು ಹೊಲಿಯುವ ಸಾಹೇಬರೊಬ್ಬರಿದ್ದರು. ಅಣ್ಣನ ಮಗನ ಮದುವೆಯಲ್ಲಿ ಅವರನ್ನು ಕಡೆಯ ಪಂಕ್ತಿಗೆ ಕೂಡಿಸಿದ್ದರೆಂದು ವರ್ಷಗಟ್ಟಲೆ ಅದನ್ನೇ ಅಗಿಯುತ್ತಿದ್ದರು. ಸೂಜಿ ಚುಚ್ಚುವಾಗಲೊಮ್ಮೆ, ಎಳೆಯುವಾಗಲೊಮ್ಮೆ, "ಯಾಕ ಹಂಗ ಮಾಡಿದ್ನರಿ ನಮ್ಮಣ್ಣ? ನಾ ಏನ್ ಮಾಡಿದ್ದೆ ಅಂವಗ?"

ಮಾಸ್ತರರು ಒಂದು ದಿನ ಅಂದರು: "ಸಾಹೇಬ್ರ, ಇನ್ನೊಮ್ಮೆ 'ಯಾಕ' ಅಂದ್ರಿ ಅಂದ್ರ ನಾ ಎದ್ದು ಹೋಗ್ತೇನಿ. 'ಮುಂದೇನು' ಅಂತ ಕೇಳ್ರಿ, ಕೂಡ್ತೇನಿ."

"ಮುಂದೇನ್ರಿ ಸರ, ಬಕ್ರೀದಕ್ಕ ನಾನೂ ಅಂವನ್ನ ಕರದು ಕಡೀ ಪಂಕ್ತಿಗೆ ಕೂಡಸ್ತೇನಿ!"

"ಅಡ್ಡಿ ಇಲ್ಲ. ಕರೀತೀರಲ್ಲ, ಅಷ್ಟ ಸಾಕು."

ಅಣ್ಣ ಬಂದ. ಕಡೆಯ ಪಂಕ್ತಿಯಲ್ಲೇ ಕೂತ. ಬಡಿಸಲು ಬಿರಿಯಾನಿ ಸಾಲದೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರಂತೆ. ಸಾಹೇಬರು ಅದನ್ನು ಹೇಳುವಾಗ ಹೊಲಿಗೆ ನಿಲ್ಲಿಸಿಬಿಡುತ್ತಿದ್ದರು. ಇಂಥ ಗೆಲುವುಗಳನ್ನು ಕಂಡ ಮಾಸ್ತರರು ನನ್ನಂಥವನ ಕೈಯಲ್ಲಿ ಸಿಕ್ಕಿಕೊಂಡರಲ್ಲ ಎಂಬುದೇ ನನ್ನ ಸಂಕಟ.

ಇನ್ನು ನನ್ನದನ್ನು ಹೇಳಬೇಕು.

ಮದುವೆಯಾದ ಹೊಸದರಲ್ಲಿ ನಾವು ಹಳೇ ಹುಬ್ಬಳ್ಳಿಯ ಒಂದು ಚಾಳದಲ್ಲಿದ್ದೆವು. ನಳದ ನೀರು ವಾರಕ್ಕೊಮ್ಮೆ ಬಂದರೆ ಬಂತು. ಸರತಿಯಲ್ಲಿ ನಾನು ಒಂದು ಕೊಡ ಹೆಚ್ಚು ತುಂಬಿಕೊಂಡೆನೆಂದು ಪಕ್ಕದ ಮನೆಯ ಹಿರಿಯರು ಎಲ್ಲರ ಮುಂದೆ ನನ್ನ ಕೊಡವನ್ನು ಒದ್ದು ಉರುಳಿಸಿದರು. "ಸಾಲಿ ಸಿಪಾಯಿಗೆ ಇಷ್ಟು ಧಿಮಾಕೇನಲೇ?" ಎಂದರು. ಹೆಂಗಸರು ನಕ್ಕರು. ನನ್ನ ಹೆಂಡತಿಯೂ ಅಲ್ಲೇ ಇದ್ದಳು.

ಅವರಿಗೊಬ್ಬ ಮಗಳು. ಅವಳು ನನಗೆ ಏನೂ ಮಾಡಿರಲಿಲ್ಲ. ಅವತ್ತು ಉರುಳಿದ ಕೊಡವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದವಳೂ ಅವಳೇ. ಕೆಲವು ದಿನಗಳ ಮೇಲೆ ಶಿರಗುಪ್ಪಿಯ ಕಡೆಯಿಂದ ಇಬ್ಬರು ಬಂದರು. ಚಾಳದ ಮೂಲೆಯ ಚಹಾದ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು, ಆ ಮನೆಯ ಹುಡುಗಿ ಹೇಗೆ ಎಂದು ವಿಚಾರಿಸಿದರು. ಸಂಬಂಧ ಬೆಳೆಸುವವರು ಹೀಗೆ ನೆರೆಯವರನ್ನು ಕೇಳುವುದು ನಮ್ಮಲ್ಲಿ ರೂಢಿ. ನೆರೆಯವನ ಒಂದು ಮಾತಿಗೆ ಜಾತಕಕ್ಕಿಂತ ಹೆಚ್ಚು ತೂಕ.

"ಹುಡುಗಿ ಬಂಗಾರದಂಥಾಕಿ ಅದಾಳ್ರಿ" ಎಂದೆ. ಅಲ್ಲಿಗೆ ಬಿಡಬಹುದಿತ್ತು. "ಆದ್ರ ಮೊನ್ನೆ ನಳದ ಮುಂದ ಬಿದ್ದಿದ್ದಳ್ರಿ. ಬಾಯಾಗ ನೊರಿ ಬಂದಿತ್ತು ಅಂತಾರ. ನಾ ಏನು ಕಣ್ಣಾರೆ ಕಂಡಿಲ್ಲ ಬಿಡ್ರಿ."

ಬಿದ್ದದ್ದು ನಿಜ. ಸೋಮವಾರದ ಉಪವಾಸ, ಮೇಲೆ ಬಿಸಿಲು, ಉದ್ದ ಸರತಿ. ಆದರೆ ನೊರೆ ಬಂದಿರಲಿಲ್ಲ. ನೊರೆಯನ್ನು ನಾನು ಸೇರಿಸಿದೆ. ಆ ಇಬ್ಬರೂ ಚಹಾ ಅರ್ಧಕ್ಕೆ ಬಿಟ್ಟು, ಅವರ ಮನೆಗೆ ಹೋಗದೆ ಹಾಗೇ ಬಸ್ಸು ಹಿಡಿದರು. ಹುಡುಗಿಗೆ ಮೂರ್ಛೆರೋಗ ಎಂಬ ಮಾತು ಅವರಿಗಿಂತ ಮುಂದೆ ಓಡಿತು. ಬಂದ ಇನ್ನೆರಡು ಸಂಬಂಧಗಳೂ ಮುರಿದವು. ಆ ಮನೆಯವರು ಚಾಳ ಬಿಟ್ಟು ಹೋದರು. ಹೋಗುವಾಗ ಆ ಹಿರಿಯರು ನನ್ನ ಹತ್ತಿರವೇ ಬಂದು, "ಯಾರೋ ನಮ್ಮ ಮಗಳ ಮ್ಯಾಲೆ ಇಲ್ಲದ್ದು ಹೇಳ್ಯಾರಪ್ಪ. ನಿನಗೇನರ ಕಿವಿಗೆ ಬಿದ್ದಿತ್ತೇನು?" ಎಂದು ಕೇಳಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ನೌಕರಿಯಲ್ಲಿದ್ದಷ್ಟು ದಿನ ಇದು ಎಲ್ಲೋ ಕೆಳಗೆ ಬಿದ್ದಿತ್ತು. ನಿವೃತ್ತಿಯಾಗಿ ಉಣಕಲ್ಲಿನ ಕೆರೆಯ ಕಡೆ ಮನೆ ಮಾಡಿದ ಮೇಲೆ ಮೇಲಕ್ಕೆ ಬಂತು. ಚಹಾದ ಅಂಗಡಿ, ಆ ಇಬ್ಬರ ಮುಖ, ನೊರೆ. ಮತ್ತೆ ಚಹಾದ ಅಂಗಡಿ. ಯಾಕೆ ಹಾಗಂದೆ? ಬಿದ್ದಳು ಎಂದು ಅಷ್ಟೇ ಹೇಳಿದ್ದರೆ? ಏನನ್ನೂ ಹೇಳದೆ ಎದ್ದು ಹೋಗಿದ್ದರೆ? ಸೊಸೆ ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಡುತ್ತಿದ್ದಳು. ಅದರಲ್ಲೊಬ್ಬ ನಗುಮುಖದವನು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆಯಿರಿ, ವಿಚಾರಗಳು ಮೋಡದಂತೆ ಸಾಗಿಹೋಗಲಿ ಎನ್ನುತ್ತಿದ್ದ. ಎಳೆದೆ. ಉಸಿರಿನ ಜೊತೆಗೆ ನೊರೆಯೂ ಒಳಗೆ ಬಂತು. ಆ ಮನುಷ್ಯನ ನಗು ನೋಡಿದರೆ ಮೊಬೈಲನ್ನು ಕೆರೆಗೆ ಎಸೆಯಬೇಕೆನಿಸುತ್ತಿತ್ತು.

ಮಾಸ್ತರರ ಮನೆಯೂ ಉಣಕಲ್ಲಿನಲ್ಲೇ. ಕೆರೆಯ ದಂಡೆಯ ಮೇಲೆ ತಿರುಗಾಡುವಾಗ ಒಂದು ಸಂಜೆ ಹಿಂದಿನಿಂದ ಬಂದು ಹೆಗಲಿಗೆ ಕೈ ಹಾಕಿದರು.

"ಯಾರ ಜೋಡಿ ಜಗಳಾ ಮಾಡಾಕತ್ತೀಯೋ? ಕೈ ಬ್ಯಾರೆ ಬೀಸಾಕತ್ತಿ. ಆ ಬಾತುಕೋಳಿ ಏನ್ ಮಾಡಿದ್ವು ನಿನಗ?"

ಅವರ ಧ್ವನಿಗೆ ನಾನು ಒಡೆದುಹೋದೆ. ನಳ, ಕೊಡ, ಚಹಾದ ಅಂಗಡಿ, ನೊರೆ, ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಬಗ್ಗಿ ಬೂಟಿನ ಲೇಸು ಬಿಗಿದುಕೊಂಡರು.

"ಆ ಹೆಣ್ಮಗಳು ಈಗ ಎಲ್ಲಿ ಅದಾಳ? ನಡಿ, ಹೋಗಿ ತಪ್ಪಾತು ಅಂತ ಹೇಳಿ ಬರೂಣು. ನಾನೂ ಬರ್ತೇನಿ. ಬೈದ್ರ ಇಬ್ರೂ ಬೈಸ್ಕೊಳ್ಳೂಣು."

ಎಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ತಡವಾಗಿ ಒಬ್ಬ ವಿಧುರನಿಗೆ ಕೊಟ್ಟಿದ್ದರು. ಅವನೂ ತೀರಿಹೋಗಿ, ಈಗ ಉಪ್ಪಿನಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಾಳೆ ಎಂದು ಹಳೆಯ ಚಾಳದವರೊಬ್ಬರು ಹೇಳಿದ್ದರು. ಧಾರವಾಡದಿಂದ ಬಸ್ಸು ಹತ್ತಿದರೆ ಮುಗಿಯಿತು. ಮಾಸ್ತರರು ಲೇಸು ಬಿಗಿದು ಎದ್ದು ನಿಂತೇ ಇದ್ದರು.

"ತೀರಿಕೊಂಡಳಂತ್ರಿ ಸರ" ಎಂದೆ.

ಅವರ ಮುಖ ಸಣ್ಣದಾಯಿತು. "ಹೌದಾ?" ಎಂದರು. "ಏನಾಗಿತ್ತು?"

"ಜ್ವರ ಬಂದಿತ್ತಂತ."

ಇಷ್ಟೂ ದೂರ ಎಲ್ಲ ನಿಜ ಹೇಳಿ, ಕಡೆಯ ಹೆಜ್ಜೆಯಲ್ಲಿ ಹೀಗೆ ಸುಳ್ಳು ಹೇಳಿದೆ. ಆ ಹುಡುಗಿಗೆ ನಾನು ಕೊಟ್ಟ ಎರಡನೆಯ ರೋಗ ಇದು.

"ಹಂಗಿದ್ರ ಕೇಳು" ಎಂದರು ಮಾಸ್ತರರು. "ಮಾಡೂದು ಇದ್ದದ್ದಕ್ಕ ಮಾಡಬೇಕು. ಮಾಡೂದು ಏನೂ ಉಳೀಲಿಲ್ಲ ಅಂದ್ರ ಆವಾಗ ಮನಸಿಗೆ ಪ್ರಾಕ್ಟೀಸು."

ಖೋ-ಖೋದಲ್ಲಿ ಬೆನ್ನಟ್ಟುವವನು ಒಮ್ಮೆ ಒಂದು ದಿಕ್ಕು ಹಿಡಿದನೆಂದರೆ ಕಂಬ ಮುಟ್ಟುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ಅದನ್ನೇ ನನಗೆ ನಿಯಮ ಮಾಡಿದರು. ಕೆರೆಯ ದಂಡೆಯ ಕಲ್ಲಿನ ಬೆಂಚು ನನ್ನ ಕಂಬ. ಸಂಜೆ ಅಲ್ಲಿಗೆ ಬಂದು ಕೂತ ಮೇಲೆ ಎಷ್ಟು ಬೇಕಾದರೂ ಹಿಂದಕ್ಕೆ ತಿರುಗಬಹುದು, ಕೈಯಲ್ಲಿನ ಚಹಾ ಆರುವ ತನಕ. ದಿನದಲ್ಲಿ ಬೇರೆ ಯಾವಾಗ ವಿಚಾರ ಬಂದರೂ "ಕಂಬ ಮುಟ್ಟಿದ ಮ್ಯಾಲೆ" ಎಂದು ಅದಕ್ಕೆ ಗಟ್ಟಿಯಾಗಿ ಹೇಳಿ, ಎದ್ದು, ಕೈಗೆ ಸಿಕ್ಕ ಕೆಲಸ ಮಾಡಬೇಕು.

"ವಿಚಾರ ಬರಬ್ಯಾಡ ಅಂದ್ರ ಇನ್ನಷ್ಟು ಬರತೈತಿ. ಆಮ್ಯಾಲ ಬಾ ಅನ್ನು. ಸಾಲ ವಸೂಲಿಗೆ ಬಂದಾವಗ ಹೇಳ್ತೀವಲ್ಲ, ಹಂಗ" ಎನ್ನುತ್ತಿದ್ದರು. "ತಲಿ ನಿನ್ನ ಮಾತು ಕೇಳಂಗಿಲ್ಲೋ. ಕಾಲು ಕೇಳ್ತಾವು. ಮೊದಲ ಕೇಳವ್ರಿಗೆ ಹೇಳು."

ಶೇಂಗಾ ಬುಡ್ಡಿ ಸುಲಿದೆ. ಜೋಳ ಹಸನು ಮಾಡಿದೆ. ನಡೆಯುವಾಗ ಅವರು ಹೇಳಿಕೊಟ್ಟಂತೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ನಡೆದೆ: ಕೆಂಪು ಸ್ಕೂಟರು, ಬೇವಿನ ಗಿಡ, ಚಿಗರಿ ಬಸ್ಸು, ಹಲ್ಲುಜ್ಜುವ ಮುದುಕ. ಆ ಮುದುಕ, "ಏನಲೇ, ನನಗ ಹೆಸರಿಡಾಕತ್ತಿ?" ಎಂದು ಜಗಳಕ್ಕೆ ಬಂದ. ಒಪ್ಪಿಕೊಳ್ಳುತ್ತೇನೆ, ಉಪಾಯಗಳು ಸುಳ್ಳಲ್ಲ. ಮೊಣಕಾಲಿನ ನೋವು, ಮಗನ ಬಿರುಸು ಮಾತು, ಗೆಳೆಯನೊಬ್ಬನ ಮೇಲಿನ ಹಳೆಯ ಸಿಟ್ಟು, ಇವೆಲ್ಲ ಆ ನಿಯಮಕ್ಕೆ ಬಗ್ಗಿದವು. ಸಂಜೆಯವರೆಗೆ ತಡೆದರೆ ಅರ್ಧ ತಾವೇ ಸತ್ತಿರುತ್ತಿದ್ದವು. ನೊರೆ ಮಾತ್ರ ಬಗ್ಗಲಿಲ್ಲ. ಬೆಂಚಿಗೆ ಮೊದಲೇ ಬಂದು ನನಗಾಗಿ ಕಾಯುತ್ತಿತ್ತು. ಬಗ್ಗುವುದಾದರೂ ಹೇಗೆ? ಅದಕ್ಕೆ ಮಾಡುವುದೊಂದು ಉಳಿದೇ ಇತ್ತು.

ನಾನು ಸುಧಾರಿಸದಿದ್ದಾಗ ಅವರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಟೀಮು ಸೋತ್ರ ಆಡಾವನ ತಪ್ಪಲ್ಲ, ಕಲಸಾವಂದು" ಎಂದು ಮನೆಗೆ ಹೋಗಿ, ಮರುದಿನ ಇನ್ನೊಂದು ಹೊಸ ಉಪಾಯ ಹುಡುಕಿಕೊಂಡು ಬರುತ್ತಿದ್ದರು. ನನಗೆ ಅವರ ಮೇಲೆಯೇ ಸಿಟ್ಟು ಬರತೊಡಗಿತು. ಈ ಮುದುಕ ಯಾಕೆ ಇಷ್ಟು ಸುಲಭವಾಗಿ ನಂಬುತ್ತಾನೆ? ಒಮ್ಮೆಯಾದರೂ ಕಣ್ಣಲ್ಲಿ ಕಣ್ಣಿಟ್ಟು "ಖರೇನ ಸತ್ತಾಳೇನಲೇ?" ಎಂದು ಕೇಳಬಾರದೇ?

ಮಹಾಲಯ ಅಮಾವಾಸ್ಯೆ ಬಂತು. ಬೆಳಿಗ್ಗೆ ಅವರೇ ಮನೆಗೆ ಬಂದು ಕರೆದರು. "ನಮ್ಮ ಮನ್ಯಾಗ ಅಪ್ಪಗ, ಅವ್ವಗ, ಗರಡ್ಯಾಗ ನನಗ ಕುಸ್ತಿ ಕಲಿಸಿದ ಉಸ್ತಾದಗ ಎಲ್ಲಾರಿಗೂ ಎಡಿ ಇಡ್ತೇವಿ. ಇವತ್ತ ಆ ಹೆಣ್ಮಗಳಿಗೂ ಒಂದು ಇಡಾಕ ಹೇಳೇನಿ. ನೀ ಬಂದು ತಪ್ಪಾತು ಅನ್ನು. ಸತ್ತವರು ಅವತ್ತ ಬಂದಿರ್ತಾರ, ಕೇಳ್ತಾರ."

ಬೇಡವೆನ್ನಲು ಕಾರಣ ಬೇಕಲ್ಲ. ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಅವರ ಮನೆಯವರನ್ನು ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಬಾಯಾರು ನಾಲ್ಕು ಎಲೆ ಹಾಕಿ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಬಡಿಸಿದ್ದರು. ಕೊನೆಯ ಎಲೆಯ ಮುಂದೆ ಹಸಿರು ಅಂಚಿನ ಒಂದು ಹೊಸ ಕುಬಸದ ಖಣ. "ಹೆಣ್ಮಗಳಲ್ಲೇನು, ಬರೇ ಎಲಿ ಹೆಂಗ ಇಡೂದು" ಎಂದರು. ಆಮೇಲೆ ಊದಿನಕಡ್ಡಿ ಹಚ್ಚಿ ನನ್ನ ಕಡೆ ತಿರುಗಿ, "ಹೆಸರು ಹೇಳ್ರಿ ತಮ್ಮಾ. ಹೆಸರು ಹಿಡದು ಕರದ್ರ ಬರ್ತಾರ" ಎಂದರು.

ಬದುಕಿರುವವಳನ್ನು ಸತ್ತವರ ಸಾಲಿಗೆ ಕರೆಯುವುದು ಹೇಗೆ? "ಮನಸಿನ್ಯಾಗ ಹೇಳೇನ್ರಿ ಬಾಯಾರ" ಎಂದೆ. ಹೇಳಿರಲಿಲ್ಲ. ಮಾಸ್ತರರು ಆ ಎಲೆಯ ತುತ್ತನ್ನು ತಾವೇ ಒಯ್ದು ಮಾಳಿಗೆಯ ಮೇಲಿಟ್ಟರು. ಉಳಿದ ತುತ್ತುಗಳನ್ನು ಬಿಟ್ಟು ಕಾಗೆ ಮೊದಲು ಅದಕ್ಕೇ ಬಾಯಿ ಹಾಕಿತು.

"ನೋಡಿದಿ!" ಅವರು ಹುಡುಗರ ಹಾಗೆ ಚಪ್ಪಾಳೆ ತಟ್ಟಿದರು. "ಮೊದಲ ಬಂದಳು! ಒಪ್ಪಿಕೊಂಡಳೋ ತಮ್ಮಾ, ಇನ್ನ ಬಿಡು!"

ನನಗೆ ಆ ಹೋಳಿಗೆ ಇಳಿಯಲಿಲ್ಲ. ಅಪಶಕುನ ಮಾಡಿಬಿಟ್ಟೆನೆಂಬ ಹೆದರಿಕೆ ಶುರುವಾಯಿತು. ಮರುದಿನವೇ ಉಪ್ಪಿನಬೆಟಗೇರಿಗೆ ಹೋದೆ, ಅವಳು ಇದ್ದಾಳೋ ಇಲ್ಲವೋ ನೋಡಲು.

ಇದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು, ತಲೆಗೊಂದು ಬಟ್ಟೆ, ಗಟ್ಟಿ ಕೈ. ಗಿರಣಿಯ ಸದ್ದಿನಲ್ಲಿ ನಾನು ಬಾಗಿಲಲ್ಲಿ ನಿಂತೆ. ಕೈಯಲ್ಲಿ ಜೋಳದ ಚೀಲವಿಲ್ಲದ ಮುದುಕನನ್ನು ನೋಡಿ ಅವಳು ಏನೋ ಕೇಳಿದಳು. ಕೇಳಿಸಲಿಲ್ಲ. ನಾನೂ ಏನೋ ಅಂದೆ. ಅವಳಿಗೂ ಕೇಳಿಸಲಿಲ್ಲ. ಆಗ ಅವಳು ಒಳಗೆ ಹೋಗಿ ಗಿರಣಿಯನ್ನೇ ಬಂದ್ ಮಾಡಿದಳು.

ಯಂತ್ರದ ಪಟ್ಟಿ ತಿರುಗಿ ತಿರುಗಿ ನಿಂತಿತು. ಊರೆಲ್ಲ ಸುಮ್ಮನಾದ ಹಾಗಾಯಿತು.

"ಈಗ ಹೇಳ್ರಿ ಕಾಕಾ. ಏನ್ ಬೇಕಾಗಿತ್ರಿ?"

ನನ್ನ ಮಾತು ಕೇಳಲೆಂದು ತನ್ನ ಕೆಲಸ ನಿಲ್ಲಿಸಿ ನಿಂತಿದ್ದಳು. ಗುರುತು ಹಿಡಿದಿರಲಿಲ್ಲ. ಇಷ್ಟು ವರ್ಷ ನಾನು ಉರು ಹೊಡೆದ ವಾಕ್ಯ ಒಂದೇ ಒಂದು.

"ಧಾರವಾಡದ ಬಸ್ಸು ಯಾವಾಗ ಬರತೈತೆವ್ವಾ?" ಎಂದೆ.

"ಈಗ ಬರತೈತ್ರಿ. ಬಿಸಲಾಗ ನಿಂದರಬ್ಯಾಡ್ರಿ, ತಲಿ ತಿರಗೀತು, ಇಲ್ಲೇ ಕೂಡ್ರಿ" ಎಂದು ಒಂದು ತಂಬಿಗೆ ನೀರು ಕೊಟ್ಟಳು. ಕುಡಿದೆ. ಬಸ್ಸು ಬಂತು. ಹತ್ತಿದೆ. ಹಿಂದೆ ಗಿರಣಿ ಮತ್ತೆ ಶುರುವಾದದ್ದು ಕೇಳಿಸಿತು.

ಆಮೇಲೆ ಮಾಸ್ತರರಿಗೆ "ಈಗ ಆರಾಮ ಐತ್ರಿ ಸರ, ಪೂರ್ತಿ ಬಿಟ್ಟುಹೋತು" ಎಂದು ಹೇಳಿದೆ. ಇನ್ನೊಂದು ಹೊಸ ಉಪಾಯ ಬರದಿರಲಿ ಎಂದು ಹೇಳಿದ ಮಾತು. ಅವರು ಅದನ್ನು ಗೆದ್ದು ತಂದ ಕಪ್ಪಿನ ಹಾಗೆ ಹೊತ್ತು ತಿರುಗಿದರು. ದಂಡೆಯ ಮೇಲೆ ಯಾರಾದರೂ ಮುಖ ಜೋತುಹಾಕಿ ಕೂತಿದ್ದರೆ ನನ್ನನ್ನು ತೋರಿಸಿ, "ಇವನ ನೋಡ್ರಿ, ಎಂಥಾದ್ದು ಇತ್ತು, ದಾಟಿ ಬಂದಾನ" ಎನ್ನುತ್ತಿದ್ದರು. ನಾನು ದಾಟಿದವನ ಹಾಗೆ ನಗುತ್ತ ನಿಲ್ಲುತ್ತಿದ್ದೆ.

ಅವರು ಹೋದ ಮೇಲೆ ಮಾತನಾಡಿಸಲು ಹೋದಾಗ ಬಾಯಾರು ಅಂದರು: "ಕಡೀಕೂ ನಿಮ್ಮದ ಹೇಳ್ತಿದ್ರು ನೋಡ್ರಿ. ಅಂವಗ ಆರಾಮ ಆತಲ್ಲ, ನನಗ ಅಷ್ಟ ಸಾಕು ಅಂತ."

ಶೋಕಸಭೆಯಲ್ಲಿ ಬೂಟಿನ ಕತೆ ಹೇಳಿದವನು ನಾನು. ನಾಳೆ ಉಪ್ಪಿನಬೆಟಗೇರಿಗೆ ಹೋಗುತ್ತೇನೆ ಎಂದು ಇಲ್ಲಿ ಬರೆದರೆ ಓದಿದವರಿಗೆ ಹಿತವಾಗಬಹುದು. ನನ್ನನ್ನು ನಾನು ಬಲ್ಲೆ. ಆ ವಾಕ್ಯ ಬರೆದ ಸಮಾಧಾನದಲ್ಲೇ ಮನೆಯಲ್ಲಿ ಉಳಿದುಬಿಡುತ್ತೇನೆ. ಇದೆಲ್ಲವನ್ನೂ ಕೆರೆಯ ನೀರಿಗೆ, ಬೆಂಚಿಗೆ, ಈಗ ಈ ಕಾಗದಕ್ಕೆ ಹೇಳಿದ್ದಾಯಿತು. ಕೇಳಬೇಕಾದವರು ಇನ್ನೂ ಕೇಳಿಲ್ಲ. ಇಷ್ಟನ್ನಾದರೂ ಸರಿಮಾಡಿ ಪೆನ್ನು ಕೆಳಗಿಡುತ್ತೇನೆ.

ಆಕಿ ತೀರಿಕೊಂಡಿಲ್ರಿ ಸರ. ಆಕಿ ಹೆಸರು ಕಸ್ತೂರಿ.